ಹೆಸರಿಲ್ಲದ ಲೇಖನ ಬರೆದವರು ಯಾರು? ಕನ್ನಡದಲ್ಲೂ ಲೆಕ್ಕ ಕೂಡಿಬಂತು

ಬರಹದ ಶೈಲಿಯನ್ನು ಎಣಿಸಿ ಬರೆದವರನ್ನು ಪತ್ತೆಹಚ್ಚುವುದು ಕನ್ನಡಕ್ಕೆ ಆಗುವ ಕೆಲಸ ಅಲ್ಲ ಎಂದು ಎರಡೂ ಕಡೆಯವರು ಹೇಳಿದ್ದರು. ಶೈಲಿಯನ್ನು ಎಣಿಸಲು ಬರುವುದಿಲ್ಲ ಎಂದರು ಕನ್ನಡ ಮೇಷ್ಟ್ರುಗಳು. ಡೇಟಾ ಸಾಲದು ಎಂದರು ಆಫೀಸಿನ ಗೆಳೆಯರು. ಈಗ ಆಗಿದೆ. 1920-30ರ ದಶಕಗಳಲ್ಲಿ ಬೆಂಗಳೂರಿನ ಒಂದು ಮಾಸಪತ್ರಿಕೆಯಲ್ಲಿ ಹೆಸರಿಲ್ಲದೆ ಅಥವಾ ಗುಪ್ತನಾಮದಲ್ಲಿ ಬಂದ ಹದಿನೈದಿಪ್ಪತ್ತು ಲೇಖನಗಳನ್ನು ಹಿಡಿದುಕೊಂಡಿದ್ದೆ. ಮುಕ್ಕಾಲು ಪಾಲಿಗೆ ಬರೆದವರು ಸಿಕ್ಕಿದ್ದಾರೆ. ಸ್ಟೈಲೊಮೆಟ್ರಿಯಲ್ಲಿ, ಅಂದರೆ ಹೀಗೆ ಶೈಲಿ ಎಣಿಸುವ ವಿದ್ಯೆಯಲ್ಲಿ, ಕೈ ಆಡಿಸುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಇಂಗ್ಲಿಷಿನವರ ದಾರಿ ನೋಡೋಣ. ಸಂಖ್ಯಾಶಾಸ್ತ್ರಜ್ಞರಾದ ಮಾಸ್ಟೆಲ್ಲರ್ ಮತ್ತು ವಾಲೇಸ್ 1964ರಲ್ಲಿ, ಅಮೆರಿಕದ ಸಂವಿಧಾನದ ಪರವಾಗಿ ಗುಪ್ತನಾಮದಲ್ಲಿ ಬಂದ ಫೆಡರಲಿಸ್ಟ್ ಪೇಪರ್ಸ್‌ನ ಬರೆದವರು ಯಾರೆಂಬ ತಕರಾರಿದ್ದ 12 ಲೇಖನ ಮ್ಯಾಡಿಸನ್‌ನವೇ ಎಂದು ತೋರಿಸಿದ್ದು ‘to’, ‘by’ ಥರದ ಸಣ್ಣಪುಟ್ಟ ಪದಗಳನ್ನು ಎಣಿಸಿಯೇ. ಪದಗಳ ಬಳಕೆಯಲ್ಲಿ ಯಾರು ಯಾರಿಗೆ ಹತ್ತಿರ ಎಂದು ಅಳೆಯುವ 2002ರ ಬರೋಸ್ ಡೆಲ್ಟಾ ಕೂಡ ಅದೇ ಜಾಡಿನದು. ಅದನ್ನು ಹಾಗೇ ತಂದು ಕನ್ನಡಕ್ಕೆ ಹಾಕಿದರೆ ಕೈಕೊಡುತ್ತದೆ. ನಮ್ಮಲ್ಲಿ ಆ ಸಣ್ಣ ಪದಗಳ ಕೆಲಸವನ್ನೆಲ್ಲ ಪ್ರತ್ಯಯಗಳು ಮಾಡುತ್ತವೆ. ‘ಮನೆಯಲ್ಲಿಯೂ’, ‘ಮನೆಯಿಂದಲೇ’, ‘ಮನೆಗಾದರೂ’ ಮೂರೂ ಕಂಪ್ಯೂಟರಿಗೆ ಬೇರೆ ಬೇರೆ ಪದ. ಮೊದಲ ವರ್ಷ ಪೂರ್ತಿ ಪದಗಳ ಪಟ್ಟಿಯಲ್ಲೇ ಹೋಯಿತು. ಆರೇಳು ಲೇಖಕರಲ್ಲಿ ಸರಿಯಾಗಿ ಗುರುತು ಸಿಕ್ಕಿದ್ದು ಅರ್ಧಕ್ಕೂ ಕಮ್ಮಿ.

ದುಡ್ಡಿನ ಮಾತು ಹೇಳಿಬಿಡುತ್ತೇನೆ. ಹಳೆಯ ಸಂಪುಟಗಳ ಬೈಂಡಿಂಗ್ ಸ್ಕ್ಯಾನರ್ ಮೇಲೆ ಒತ್ತಿದರೆ ಕಿತ್ತುಬರುತ್ತದೆ. ಹಾಗಾಗಿ ಮೊಬೈಲ್ ಸ್ಟ್ಯಾಂಡ್, ಒಂದು ತುಂಡು ಗಾಜು, ಎರಡು ಟೇಬಲ್ ಲ್ಯಾಂಪು, ಇಷ್ಟರಲ್ಲೇ ಫೋಟೋ ತೆಗೆದೆ. ನಾಲ್ಕು ಸಾವಿರದೊಳಗೆ ಮುಗಿಯಿತು. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸರಾಕ್ಟ್‌ನಲ್ಲಿ ಓಡಿಸಿದರೆ ಆ ಕಾಲದ ಅಚ್ಚಿಗೆ ಒತ್ತಕ್ಷರಗಳೇ ಮಾಯ. ಪ, ವ, ಷ ಒಂದರೊಳಗೊಂದು ಕಲೆಸಿಹೋದವು. ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡಿಸುವುದೇ ಸಲೀಸು ಅನ್ನಿಸಿತು. ಎರಡು ಡಿಟಿಪಿ ಅಂಗಡಿಗಳಿಗೆ ಹಂಚಿದೆ. ಪುಟಕ್ಕೆ ಇಪ್ಪತ್ತೈದು, ಮೂವತ್ತು ರೂಪಾಯಿ. ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಖರ್ಚಾಯಿತು, ಎಲ್ಲವೂ ನನ್ನ ಸಂಬಳದ್ದೇ.

ಟೈಪ್ ಆದದ್ದನ್ನು ಶೈಲಿಯ ಹತ್ತಿರ-ದೂರ ನೋಡಿ ಗುಂಪು ಮಾಡಲು ಕಂಪ್ಯೂಟರಿಗೆ ಕೊಟ್ಟೆ. ಆಮೇಲೆ ನೋಡಿದರೆ ಗುಂಪುಗಳು ಎಷ್ಟು ಚೆನ್ನಾಗಿ ಬಿದ್ದಿದ್ದವು ಅಂದರೆ ನನಗೇ ಅನುಮಾನ ಬಂತು. ಕಂಪ್ಯೂಟರ್ ಬೇರೆ ಮಾಡಿದ್ದು ಲೇಖಕರನ್ನಲ್ಲ, ಆ ಎರಡು ಅಂಗಡಿಗಳನ್ನು! ಒಂದು ಅಂಗಡಿಯವರು ಹಳೆಯ ಫಾಂಟಿನಲ್ಲಿ ಹೊಡೆದು ಆಮೇಲೆ ಯೂನಿಕೋಡಿಗೆ ತಿರುಗಿಸಿದ್ದರು. ಅಲ್ಲಿ ‘ಕೇ’ ಎಂಬುದು ಮೂರು ತುಂಡು: ಕ, ಎತ್ವ, ದೀರ್ಘ. ಇನ್ನೊಂದು ಅಂಗಡಿಯದರಲ್ಲಿ ಎರಡೇ ತುಂಡು, ಯಾಕೆಂದರೆ ಏತ್ವಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಕೇತವೂ ಇದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಜೊತೆಗೆ ಅಕ್ಷರಗಳು ಹೇಗೆ ಕೂಡಬೇಕೆಂದು ಹೇಳುವ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಬೇರೆ. ಎಲ್ಲವನ್ನೂ ಯೂನಿಕೋಡಿನ ಒಂದು ಏಕರೂಪ ಕ್ರಮವಾದ ಎನ್‌ಎಫ್‌ಸಿಗೆ ತಂದು, ಆ ಜೋಡಕಗಳನ್ನು ಕಿತ್ತುಹಾಕಿದ ಮೇಲೆ ಆ ಸೊಗಸಾದ ಗುಂಪುಗಳೆಲ್ಲ ಕರಗಿಹೋದವು. ಕನ್ನಡದಲ್ಲಿ ಇಂಥ ಕೆಲಸ ಮಾಡುವವರು ಒಬ್ಬ ಲೇಖಕರ ಬರಹವನ್ನು ಒಬ್ಬರೇ ಟೈಪಿಸ್ಟ್‌ಗೆ ಕೊಡಲೇಬೇಡಿ. ಎಲ್ಲರದನ್ನೂ ಬೆರೆಸಿ ಹಂಚಿ.

ಕೊನೆಗೆ ಹಿಡಿತಕ್ಕೆ ಬಂದಿದ್ದು ಪದದ ಬಾಲದಿಂದ. ಪ್ರತಿ ಪದದ ಕೊನೆಯ ಎರಡು ಮೂರು ಅಕ್ಷರ ಮಾತ್ರ ತೆಗೆದುಕೊಂಡೆ. ಕೋಡ್‌ಪಾಯಿಂಟ್, ಅಂದರೆ ಯೂನಿಕೋಡಿನ ಒಂದೊಂದು ತುಂಡು, ಅಲ್ಲ; ಕಾಗುಣಿತ ಸೇರಿದ ಪೂರ್ತಿ ಅಕ್ಷರ. ಹಳೆಯ ಸಂಪಾದಕರು ಪದ ಬದಲಿಸುತ್ತಿದ್ದರು, ಕಾಗುಣಿತ ತಿದ್ದುತ್ತಿದ್ದರು. ಆದರೆ ಒಬ್ಬರು ‘ಹೋಗಿ, ನೋಡಿ, ಕೇಳಿ’ ಎಂದು ಉದ್ದಕ್ಕೆ ಹೆಣೆಯುತ್ತಾರೋ, ಚಿಕ್ಕ ಚಿಕ್ಕ ವಾಕ್ಯಗಳಾಗಿ ಮುರಿಯುತ್ತಾರೋ ಎಂಬುದಕ್ಕೆ ಕೈ ಹಾಕುತ್ತಿರಲಿಲ್ಲ. ಮಾತಿಗೆ ಮಾತಿಗೆ ‘ಏ’ ಸೇರಿಸಿ ಒತ್ತಿ ಹೇಳುವ ಚಟವೂ ಹಾಗೇ ಉಳಿಯುತ್ತದೆ. ನನ್ನ ಪಟ್ಟಿಯಲ್ಲಿ ಸುಮಾರು ನಲವತ್ತು ಬಾಲಗಳಿವೆ. ಯಾವುವು, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬರೆದವರನ್ನು ನಂಬಿಕೆಯಿಂದ ಗುರುತಿಸಲು ಇಂಗ್ಲಿಷಿನಲ್ಲಿ 5,000 ಪದಗಳ ಬರಹ ಬೇಕು ಎನ್ನುವ ಮಾತಿದೆ, ನನ್ನ ಲೆಕ್ಕದಲ್ಲಿ ಕನ್ನಡಕ್ಕೆ ಮೂರು ಸಾವಿರ ಸಾಕು. ನಮ್ಮ ಒಂದೊಂದು ಪದವೂ ಅಷ್ಟು ಹೊತ್ತುಕೊಂಡಿರುತ್ತದೆ.

ಇಷ್ಟಾದರೂ ಒಂದು ಕೊರತೆ ಇತ್ತು. ಅದನ್ನು ಹಿಡಿದವರು ನಮ್ಮ ಅತ್ತಿಗೆ. ಅವರು ಪೆಥಾಲಜಿ ಡಾಕ್ಟರ್. ಊಟದ ಹೊತ್ತಿನಲ್ಲಿ ಎಲ್ಲ ಕೇಳಿಸಿಕೊಂಡು, “ನಿನ್ನ ಟೆಸ್ಟು ಯಾರಿಗೂ ನೆಗೆಟಿವ್ ಅನ್ನೋದೇ ಇಲ್ವಲ್ಲಪ್ಪ, ಅದು ಟೆಸ್ಟು ಹೇಗಾಗುತ್ತೆ?” ಎಂದರು. ನಿಜ. ಡೆಲ್ಟಾ ಯಾವಾಗಲೂ ನಾವು ಕೊಟ್ಟ ಲೇಖಕರ ಪಟ್ಟಿಯಲ್ಲಿ ಹತ್ತಿರದವರ ಹೆಸರು ಹೇಳಿಬಿಡುತ್ತದೆ. ಬರೆದವರು ಪಟ್ಟಿಯಲ್ಲೇ ಇಲ್ಲದಿದ್ದರೂ ಹೇಳುತ್ತದೆ. ಆಮೇಲೆ ಅದೇ ಕಾಲದ, ಈ ಪತ್ರಿಕೆಗೆ ಸಂಬಂಧವೇ ಇಲ್ಲದ ಸುಮಾರು ಮೂವತ್ತು ಜನರ ಗದ್ಯ ತಂದು ಸೇರಿಸಿದೆ. ಪ್ರತಿ ಸುತ್ತಿನಲ್ಲೂ ಅವರಲ್ಲಿ ಒಂದಷ್ಟು ಜನರನ್ನು, ಬಾಲಗಳಲ್ಲಿ ಅರ್ಧವನ್ನು ಲಾಟರಿಯಂತೆ ಎತ್ತಿ, ನೂರಾರು ಸಲ ಓಡಿಸಿದೆ. ನೂರಕ್ಕೆ ಸುಮಾರು ಎಂಬತ್ತು ಸುತ್ತುಗಳಲ್ಲಿ ಒಬ್ಬರೇ ಗೆದ್ದರೆ ಹೆಸರು. ಇಲ್ಲದಿದ್ದರೆ ‘ಇವರಾರೂ ಅಲ್ಲ’. ನನ್ನ ಹತ್ತು ವರ್ಷದ ಲ್ಯಾಪ್‌ಟಾಪು ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಉತ್ತರ ಕೊಡುತ್ತಿತ್ತು.

ಎಲ್ಲರಿಗಿಂತ ಜಾಸ್ತಿ ಅನುಮಾನಿಸಿದ್ದ ಮೇಷ್ಟ್ರ ಮನೆಗೇ ಹೋದೆ. “ಸಾರ್, ನೀವೇ ಪರೀಕ್ಷೆ ಮಾಡಿ” ಎಂದೆ. ಹೆಸರು, ಊರಿನ ಸುಳಿವು ಎಲ್ಲ ತೆಗೆದು ಹನ್ನೆರಡು ತುಣುಕು ಕೊಟ್ಟರು. ನಾನು ಹತ್ತು ಸರಿ ಹೇಳಿದೆ. ಅವರು ಬೇಕೆಂದೇ ಹೊರಗಿನವರದೊಂದು ಸೇರಿಸಿದ್ದರು. ಅದಕ್ಕೆ ‘ಇವರಾರೂ ಅಲ್ಲ’ ಎಂದೇ ಬಂದಿತ್ತು. ತಪ್ಪಿದ ಎರಡೂ ಅನುವಾದಗಳು. ಮೇಷ್ಟ್ರು ಹಾಳೆಯನ್ನು ಎರಡೆರಡು ಸಲ ನೋಡಿ, “ಇದನ್ನು ಬರೆದು ಪ್ರಕಟಿಸಿ” ಎಂದರು. ಅಷ್ಟು ಸಾಕಾಯಿತು ನನಗೆ.

ಮಧ್ಯೆ ವಚನಗಳ ಮೇಲೂ ಒಂದು ಕೈ ನೋಡಿದೆ. 2002ರಲ್ಲೇ ಇಟಲಿಯ ಭೌತಶಾಸ್ತ್ರಜ್ಞರು ಫೈಲನ್ನು ಜಿಪ್ ಮಾಡಿ, ಅಂದರೆ ಕುಗ್ಗಿಸಿ, ಲೇಖಕರನ್ನು ಗುರುತಿಸುವ ದಾರಿ ತೋರಿಸಿದ್ದರು. ಗೊತ್ತಿರುವವರ ಬರಹದ ಕೊನೆಗೆ ಗೊತ್ತಿಲ್ಲದ್ದನ್ನು ಅಂಟಿಸಿ ಕುಗ್ಗಿಸಬೇಕು, ಫೈಲು ಎಲ್ಲಿ ಕಡಿಮೆ ಬೆಳೆಯುತ್ತದೋ ಅವರೇ ಬರೆದವರು. ಕನ್ನಡದಲ್ಲಿ ಮೊದಲು ಏನೂ ಆಗಲಿಲ್ಲ. ಕಾರಣ ಸರಳ. ಜಿಪ್ ಹಿಂದಿನ 32 ಕೆಬಿ ಮಾತ್ರ ನೆನಪಿಡುತ್ತದೆ. ಯೂನಿಕೋಡನ್ನು ಫೈಲಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಹೋಗುತ್ತದೆ, ಹಾಗಾಗಿ ಅದರ ನೆನಪು ನಮಗೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಯೂನಿಕೋಡಿನ ಕನ್ನಡದ ಬ್ಲಾಕಿನಲ್ಲಿ ಇರುವುದೇ 128 ಜಾಗ, ಒಂದೊಂದಕ್ಕೂ ಒಂದೇ ಬೈಟು ಕೊಟ್ಟೆ, ದಾರಿಗೆ ಬಂತು. ಅಂಕಿತಗಳನ್ನು ತೆಗೆಯಲೇಬೇಕು, ‘ಕೂಡಲಸಂಗಮದೇವ’ ಇದ್ದರೆ ಯಂತ್ರ ಯಾಕೆ ಬೇಕು? ತೆಗೆದ ಮೇಲೂ ಬಸವಣ್ಣ, ಅಲ್ಲಮ ಬಹುಪಾಲು ಬೇರೆಯಾಗಿಯೇ ನಿಂತರು. ಅಕ್ಕನ ವಚನಗಳು 400 ಚಿಲ್ಲರೆ ಮಾತ್ರ, ಅಲ್ಲಿ ಫಲಿತಾಂಶ ಅಲುಗಾಡಿತು. ಕವಿರಾಜಮಾರ್ಗದ್ದೂ ಮಾಡಿ, ನೃಪತುಂಗನೋ ಶ್ರೀವಿಜಯನೋ ಹೇಳಿಬಿಡಿ ಎಂದು ಕೆಲವರು ಕೇಳಿದರು. ಆಗುವುದಿಲ್ಲ. ಇಬ್ಬರದೂ ಬೇರೆ ಕನ್ನಡ ಕೃತಿ ನಮ್ಮ ಕೈಯಲ್ಲಿಲ್ಲ. ಹೋಲಿಸುವುದು ಯಾವುದಕ್ಕೆ?

ಉಳಿದ ನಾಲ್ಕೈದು ಲೇಖನಗಳಿಗೆ ಯಾರ ಹೆಸರೂ ಬರುತ್ತಿಲ್ಲ. ಆದರೆ ಅವುಗಳಲ್ಲಿ ಮೂರು ಒಂದಕ್ಕೊಂದು ಬಹಳ ಹತ್ತಿರ, ಒಬ್ಬರದೇ ಕೈ ಇರಬೇಕು. ನನ್ನ ಪಟ್ಟಿಯಲ್ಲಿ ಇದ್ದವರೆಲ್ಲ ಗಂಡಸರು. ನಂಜನಗೂಡು ತಿರುಮಲಾಂಬ, ಇಲ್ಲೇ ಬೆಂಗಳೂರಿನಲ್ಲಿ ‘ಸರಸ್ವತಿ’ ನಡೆಸುತ್ತಿದ್ದ ಆರ್. ಕಲ್ಯಾಣಮ್ಮ ಮುಂತಾದವರು ಅದೇ ಕಾಲದಲ್ಲಿ ಬರೆಯುತ್ತಿದ್ದರು. ಅವರ ಗದ್ಯ ಈಗ ಟೈಪ್ ಆಗುತ್ತಿದೆ, ಈ ಸಲ ಮೂರು ಅಂಗಡಿಗಳಿಗೆ ಬೆರೆಸಿ ಹಂಚಿದ್ದೇನೆ. ಆ ಕಾಲದ ಹೆಣ್ಣುಮಕ್ಕಳ ಗದ್ಯ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ಗಾಜು, ಸ್ಟ್ಯಾಂಡು ತೆಗೆದುಕೊಂಡು ನಾನೇ ಬರುತ್ತೇನೆ.