ಕಾಫಿಯ ಕೊಳೆರೋಗ ಹುಡುಕಿದರೆ ಅಡಿಕೆಯದ್ದು ಬಂದರೆ?

ಮಳೆಗಾಲದಲ್ಲಿ ಗೂಗಲ್‌ಗೆ ಹೋಗಿ ಬರೀ ‘ಕೊಳೆರೋಗ’ ಎಂದು ಹಾಕಿದರೆ ಅಡಿಕೆಯ ಪುಟಗಳೂ ನುಗ್ಗುತ್ತವೆ. ಹೆಸರು ಒಂದೇ ಆದರೂ ರೋಗ ಬೇರೆ. ಅಡಿಕೆಯಲ್ಲಿ ಕಾಯಿ ಕೊಳೆತು ಉದುರುತ್ತದೆ. ಕಾಫಿಯಲ್ಲಿ ಎಲೆ ಕಪ್ಪಾಗಿ, ಶಿಲೀಂಧ್ರದ ಎಳೆ ಹಿಡಿದು ಕೊಂಬೆಯಲ್ಲೇ ಜೋತಾಡುತ್ತದೆ. ‘ಕೊಳೆರೋಗ -ಅಡಿಕೆ’ ಎಂದು, ಮೈನಸ್ ಚಿಹ್ನೆಯ ನಂತರ ಜಾಗ ಬಿಡದೆ ಹಾಕಿ ನೋಡಬಹುದು; ಅಡಿಕೆ ಎಂಬ ಪದವಿರುವ ಪುಟಗಳು ಬಿಟ್ಟುಹೋಗುತ್ತವೆ. ಆದರೆ ಕಾಫಿ, ಮೆಣಸು, ಅಡಿಕೆ ಮೂರನ್ನೂ ಒಟ್ಟಿಗೆ ಹೇಳುವ ಒಳ್ಳೆಯ ಪುಟವೂ ಅದರ ಜೊತೆ ಹೋಗಿಬಿಡುತ್ತದೆ.

ಒಂದೇ ಬೆಳೆಯ ಐದಾರು ಜನ ಸೇರಿ ಹುಡುಕಾಟದ ಲೆಕ್ಕ ಇಡುವುದು ಇದಕ್ಕಿಂತ ಮೇಲು. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಬ್ಯಾರಿ ಸ್ಮಿತ್ ಅವರ ತಂಡ ಕಟ್ಟಿದ ‘ಐ-ಸ್ಪೈ’ ಎಂಬ ಹುಡುಕಾಟದ ವ್ಯವಸ್ಥೆ ಮಾಡಿದ್ದೂ ಇದನ್ನೇ: ಒಂದು ಗುಂಪಿನವರು ಯಾವ ಪದಕ್ಕೆ ಯಾವ ಪುಟ ಆರಿಸಿದರು ಎಂದು ಎಣಿಸಿಟ್ಟು, ಮುಂದಿನವರಿಗೆ ಆ ಪುಟವನ್ನು ಮೇಲೆ ತೋರಿಸುತ್ತಿತ್ತು.

ನಿಮಗೆ ಒಂದು ಗೂಗಲ್ ಶೀಟ್ ಸಾಕು. ಕಾಲಂ ನಾಲ್ಕು: ತಾರೀಕು, ಟೈಪ್ ಮಾಡಿದ ಪದ, ಲಿಂಕ್, ಉಪಯೋಗವಾಯಿತೇ. ಎರಡನೆಯದರಲ್ಲಿ ಪದವನ್ನು ಹಾಕಿದ ಹಾಗೆಯೇ ಬರೆಯಿರಿ. ‘ಕೊಳೆ ರೋಗ’ ಎಂದು ಬಿಡಿಸಿದ್ದರೆ ಬಿಡಿಸಿಯೇ, ಇಂಗ್ಲಿಷ್ ಅಕ್ಷರದಲ್ಲಿದ್ದರೆ ಹಾಗೆಯೇ. ಮುಂದಿನವರ ಬೆರಳಿಗೂ ಅದೇ ತಪ್ಪು ಬರುತ್ತದೆ, ಅದಕ್ಕೇ.

ಅಂಕ ಹಾಕುವುದು ಸುಲಭ. ಒಂದು ಪದಕ್ಕೆ ಒಟ್ಟು 10 ‘ಹೌದು’ ಬಿದ್ದು, ಅದರಲ್ಲಿ 6 ಒಂದೇ ಪುಟಕ್ಕಿದ್ದರೆ ಆ ಪುಟದ ಅಂಕ 0.6. ಹತ್ತಿರದ ಪದಗಳನ್ನೂ ಬಿಡಬೇಡಿ. ‘ಕಾಫಿ ಕೊಳೆರೋಗ’, ‘ಕಾಫಿ ಕೊಳೆರೋಗ ಔಷಧಿ’ ಇವೆರಡರಲ್ಲಿ ಮೂರಕ್ಕೆ ಎರಡು ಪದ ಸಮ. ಹಾಗಾಗಿ ಒಂದರಲ್ಲಿ ಪುಟಕ್ಕೆ ಸಿಕ್ಕ ಅಂಕವನ್ನು 0.67ರಿಂದ ಗುಣಿಸಿ, ಇನ್ನೊಂದರಲ್ಲಿ ಅದೇ ಪುಟದ ಅಂಕಕ್ಕೆ ಸೇರಿಸಿ.

ಕೆಡುವುದು ಹೆಚ್ಚಾಗಿ ‘ಹೌದು’ ಹಾಕುವಲ್ಲಿ. ಮೊದಲ ಲಿಂಕನ್ನು ಎಲ್ಲರೂ ಒತ್ತುತ್ತಾರೆ. ಒತ್ತಿದ್ದಕ್ಕೆಲ್ಲ ಅಂಕ ಕೊಟ್ಟರೆ ಶೀಟು ಗೂಗಲ್‌ನ ನಕಲಾಗುತ್ತದೆ. ಪೂರ್ತಿ ಓದಿ ತೋಟಕ್ಕೆ ಹೊಂದಿತು ಎನಿಸಿದ ಮೇಲೆಯೇ ಗುರುತು ಹಾಕಿ. ಅರೇಬಿಕಾ ಕಾಫಿಯವರೂ ರೋಬಸ್ಟಾ ಕಾಫಿಯವರೂ ಒಂದೇ ಶೀಟಿನಲ್ಲಿದ್ದರೆ ಬಿಳಿ ಕಾಂಡಕೊರಕ ಹುಳುವಿನ ಪುಟಗಳು ಮೇಲೇರುತ್ತವೆ. ಅದು ಅರೇಬಿಕಾದವರ ತಲೆನೋವು, ರೋಬಸ್ಟಾದವರಿಗೆ ಕೆಲಸಕ್ಕೆ ಬಾರದು. ಎರಡು ಹಾಳೆ ಮಾಡಿ.

ಕಾಫಿ ರೇಟಿನ ಲಿಂಕ್ ಸೇರಿಸಲೇಬೇಡಿ, ನಾಳೆಗೆ ಹಳತು. ಸಾಲ, ಮನೆಯವರ ಕಾಯಿಲೆಯಂಥ ಖಾಸಗಿ ಹುಡುಕಾಟವೂ ಶೀಟಿನಿಂದ ಹೊರಗಿರಲಿ.

ಜೂನ್‌ಗೆ ಮುಂಚೆ ಶೀಟನ್ನು ಫೋನಿನಲ್ಲಿ ಆಫ್‌ಲೈನ್ ಮಾಡಿಟ್ಟು, ಹೆಚ್ಚು ಅಂಕದ ಪುಟಗಳನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನ ಬರೀ ಲಿಂಕ್ ತೆರೆಯುವುದಿಲ್ಲ.