ವಿಕ್ಟೋರಿಯಾ ರೂಪಾಯಿ ಅಸಲಿಯೇ? ನೀರಲ್ಲಿ ತೂಗಿ ನೋಡಿ

ಅವೆನ್ಯೂ ರಸ್ತೆಯಲ್ಲಿ ಕೊಂಡದ್ದಿರಲಿ, ಅಜ್ಜಿಯ ದೇವರಮನೆ ಡಬ್ಬಿಯಲ್ಲಿ ಸಿಕ್ಕಿದ್ದಿರಲಿ, ರಾಣಿ ಮುಖದ ರೂಪಾಯಿ ಕೈಗೆ ಬಂದರೆ ನಾನು ಮೊದಲು ಅದರ ಮೇಲಿನ ಬರಹ ಓದುತ್ತೇನೆ. 1862ರ ನಾಣ್ಯದಲ್ಲಿ 'ವಿಕ್ಟೋರಿಯಾ ಕ್ವೀನ್' ಎಂದಿರಬೇಕು, 1877ರಿಂದ ಈಚಿನದರಲ್ಲಿ 'ವಿಕ್ಟೋರಿಯಾ ಎಂಪ್ರೆಸ್'. 1885ರ ರೂಪಾಯಿಯಲ್ಲಿ 'ಕ್ವೀನ್' ಕಂಡರೆ ಮುಂದಿನ ಪರೀಕ್ಷೆಯೇ ಬೇಡ. ರಾಮ, ಸೀತೆ, ಹನುಮಂತರ ಚಿತ್ರವಿರುವ '1818ರ ಕಂಪನಿ ನಾಣ್ಯ'ವೂ ಅಷ್ಟೇ. ಈಸ್ಟ್ ಇಂಡಿಯಾ ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ.

ಈ ರೂಪಾಯಿ ಟಂಕಸಾಲೆಯಿಂದ ಹೊರಟಾಗ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 91.7, ಉಳಿದದ್ದು ಬೆರಕೆ. ಅಗಲ ಸುಮಾರು 30.5 ಮಿ.ಮೀ. ಆದರೆ ತೂಕವೊಂದನ್ನೇ ನಂಬಿ ಕೂತರೆ ಎರಡೂ ಕಡೆ ಮೋಸ ಹೋಗುತ್ತೇವೆ: ಸವೆದ ಅಸಲಿ 11.3ಕ್ಕೆ ಇಳಿದಿರಬಹುದು, ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ನಕಲಿಯನ್ನು ತುಸು ದಪ್ಪ ಮಾಡಿ 11.66ಕ್ಕೇ ತಂದಿರಬಹುದು. ಎಷ್ಟೇ ಸವೆದರೂ ಬದಲಾಗದೆ ಉಳಿಯುವುದು ಲೋಹದ ಸಾಂದ್ರತೆ.

ಅದಕ್ಕೆ ಬೇಕಾದ್ದು 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ಸಣ್ಣ ಲೋಟ ನೀರು, ಹೊಲಿಗೆಯ ತೆಳು ದಾರ. ಒಣಗಿದ ನಾಣ್ಯವನ್ನು ತೂಗಿ ಬರೆದಿಟ್ಟುಕೊಳ್ಳಿ. ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ ತೂಗಾಡಿಸಿ; ತಳಕ್ಕೂ ಪಕ್ಕಕ್ಕೂ ತಾಗಬಾರದು. ತಕ್ಕಡಿ ಈಗ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅಸಲಿಗೆ ತಕ್ಕಡಿಯಲ್ಲಿ 1.13ರ ಆಸುಪಾಸು ಬರುತ್ತದೆ, ಅಂದರೆ ಸಾಂದ್ರತೆ 10.3. ಜರ್ಮನ್ ಸಿಲ್ವರ್ ಆದರೆ 1.35 ಬಂದು ಸಾಂದ್ರತೆ 8.6ಕ್ಕೆ ಕುಸಿಯುತ್ತದೆ.

ಒಳ್ಳೆಯ ನಾಣ್ಯಕ್ಕೂ 9.8 ಬಂದರೆ ಗಾಬರಿಯಾಗಬೇಡಿ, ಅಕ್ಷರಗಳ ಸಂದಿಯಲ್ಲಿ ಗಾಳಿಗುಳ್ಳೆ ಕೂತಿರುತ್ತದೆ. ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ನಾಣ್ಯವನ್ನು ಅಲುಗಿಸಿ ಮತ್ತೆ ಇಳಿಸಿ. ಮೂರು ಸಲ ತೂಗಿ. ಫ್ಯಾನ್ ಆರಿಸಿ, ಆ ಗಾಳಿಗೇ ಕೊನೆಯ ಅಂಕಿ ಕುಣಿಯುತ್ತದೆ.

ಬೆಳ್ಳಿಯಲ್ಲೇ ಮಾಡಿದ ನಕಲಿಗೆ ಈ ಪರೀಕ್ಷೆ ಸೋಲುತ್ತದೆ. ಆಗ ನೋಡಬೇಕಾದದ್ದು ಅಂಚು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನಾಣ್ಯವನ್ನು ನಿಧಾನ ಸುತ್ತಿಸಿ. ಅಚ್ಚೊತ್ತಿದ ನಾಣ್ಯದ ಗೆರೆಗಳು ಚೂಪಾಗಿ, ಸಮ ಅಂತರದಲ್ಲಿರುತ್ತವೆ. ಎರಕದ್ದರಲ್ಲಿ ಗೆರೆಗಳು ಮೇಣದಂತೆ ಮೆತ್ತಗಾಗಿ, ನಡುವೆ ಎರಡು ಹೋಳು ಸೇರಿದ ಜೋಡು ಅಥವಾ ಅದನ್ನು ಅರದಿಂದ ತೀಡಿದ ಗುರುತು ಕಾಣುತ್ತದೆ; ರಾಣಿಯ ಕೆನ್ನೆ ಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಹನ್ನೆರಡು ಗಂಟೆ ಜಾಗದಲ್ಲಿ ಮಾತ್ರ ಗೆರೆ ಅಳಿಸಿದ್ದರೆ ಅದು ಬಹುತೇಕ ಕಾಸಿನ ಸರದ ಕೊಂಡಿ ಬೆಸೆದ ಜಾಗ. ನಾಣ್ಯ ಅಸಲಿಯೇ, ಬೆಲೆ ಮಾತ್ರ ಇಳಿಯುತ್ತದೆ.

ಇಷ್ಟಾಗುವವರೆಗೆ ವಿಭೂತಿ, ಹುಣಸೆಹಣ್ಣು ಯಾವುದನ್ನೂ ಹಚ್ಚಿ ಉಜ್ಜಬೇಡಿ, ದಯವಿಟ್ಟು. ಆದಮೇಲೂ ಬೇಡ. ಸಂದಿಗಳಲ್ಲಿ ಕೂತ ಕಪ್ಪು ವರ್ಷಗಟ್ಟಲೆ ನಿಧಾನವಾಗಿ ಕಟ್ಟಿದ್ದು. ನಕಲಿಗೆ ಬಳಿದ ಕಪ್ಪಾದರೆ ಎಲ್ಲೆಡೆ ಒಂದೇ ಸಮನಾಗಿರುತ್ತದೆ. ಉಜ್ಜಿಬಿಟ್ಟರೆ ಆ ವ್ಯತ್ಯಾಸ ನೋಡಲು ಏನೂ ಉಳಿಯುವುದಿಲ್ಲ.