ಬಿಎಸ್ಸಿ ಬಿಡದೆ ನೀಟ್ ಬರೆದೆ: ನನ್ನ ಅನುಭವ

"ಡಾಕ್ಟರ್ ಆಗೋಳು ಡಿಗ್ರ್ಯಾಗ ಫಿಸಿಕ್ಸ್, ಕೆಮಿಸ್ಟ್ರಿ ತಗೊಂಡಾಳಂತ!" 2022ರಲ್ಲಿ ಗಂಗಾವತಿಯಲ್ಲಿ ನನ್ನ ಜೊತೆ ಪಿಯು ಓದಿದವರೆಲ್ಲ ಹೀಗೇ ಮಾತಾಡಿಕೊಂಡರು. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 720 ಅಂಕಗಳಲ್ಲಿ 360 ಬಯಾಲಜಿಯವು, ಆದ್ದರಿಂದ ಅವರ ಅನುಮಾನ ತಪ್ಪೇನಲ್ಲ. ಸೋದರಮಾವ ಇನ್ನೂ ಮುಂದೆ ಹೋಗಿ, "ಎರಡು ಹರಿಗೋಲಿಗೆ ಕಾಲಿಟ್ಟೀಯವ್ವ, ನಡುಹೊಳ್ಯಾಗ ಬೀಳ್ತಿ" ಅಂದರು. 2025ರ ಕೌನ್ಸೆಲಿಂಗ್‌ನಲ್ಲಿ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಸೀಟು ಬಂತು. ಬಿಎಸ್ಸಿಯೂ 78 ಪರ್ಸೆಂಟ್‌ನಲ್ಲಿ ಮುಗಿಯಿತು. ಡಿಗ್ರಿ ಓದುತ್ತ ನೀಟ್ ಕಟ್ಟಿದ ನಮ್ಮ ಕಡೆಯ ಹುಡುಗ ಹುಡುಗಿಯರು ಹೇಗೆ ಮಾಡಿದೆ ಎಂದು ಕೇಳುತ್ತಲೇ ಇದ್ದಾರೆ, ಅವರಿಗಾಗಿ ಇದು.

ಮೊದಲು ದುಡ್ಡಿನ ಕಥೆ. ಪಿಯು ಮುಗಿದ ಕೂಡಲೇ ಬೇರೆ ಊರಿನಲ್ಲಿ ಎರಡು ತಿಂಗಳ ಕ್ರ್ಯಾಶ್ ಕೋರ್ಸ್‌ಗೆ ಸೇರಿದೆ. ಫೀಸು, ಹಾಸ್ಟೆಲ್, ಪುಸ್ತಕ ಎಲ್ಲ ಸೇರಿ 60 ಸಾವಿರ ದಾಟಿತ್ತು. ಒಂದೊಂದು ಕೋಣೆಯಲ್ಲಿ ನೂರಿಪ್ಪತ್ತು ಜನ, ನಾನು ಹಿಂದಿನ ಬೆಂಚು. ಎರಡು ತಿಂಗಳಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದೆ, ಅದಕ್ಕೂ ಉತ್ತರ ಸಿಗಲಿಲ್ಲ. ಬಂದದ್ದು 241, ಅದರಲ್ಲಿ ಫಿಸಿಕ್ಸ್ 19. ಒಂದು ವರ್ಷ ಡ್ರಾಪ್ ಮಾಡಿ ಲಾಂಗ್ ಟರ್ಮ್ ಸೇರಲು ಒಂದು ಲಕ್ಷ ನಲವತ್ತು ಸಾವಿರ ಕೇಳಿದರು. ನಾಲ್ಕು ಎಕರೆ ಭತ್ತದಲ್ಲಿ ಗೊಬ್ಬರದಂಗಡಿಯ ಬಾಕಿ ಕಳೆದು ಅಪ್ಪನ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ನನಗೆ ಗೊತ್ತು. ಬೇಡ ಅಂದೆ.

ಆ 19 ಅಂಕವನ್ನೇ ಮುಂದಿಟ್ಟುಕೊಂಡು ಒಂದು ವಾರ ಕೂತೆ. ಬಯಾಲಜಿ ನಾನೊಬ್ಬಳೇ ಓದಬಲ್ಲೆ, ಎನ್‌ಸಿಇಆರ್‌ಟಿ ಎರಡು ಪುಸ್ತಕ ಸಾಕು. ಫಿಸಿಕ್ಸ್‌ಗೆ ಮಾತ್ರ ಎದುರಿಗೆ ಮೇಷ್ಟ್ರು ಬೇಕು, ಬೋರ್ಡ್ ಬೇಕು, ತಪ್ಪಿದಾಗ ತಡೆಯುವವರು ಬೇಕು. ಡಿಗ್ರಿ ಕಾಲೇಜಿನಲ್ಲಿ ವರ್ಷಕ್ಕೆ ಕೆಲವೇ ಸಾವಿರಕ್ಕೆ ಇದೆಲ್ಲ ಸಿಗುತ್ತದೆ, ಮೇಲೆ ಲ್ಯಾಬ್ ಬೇರೆ. ಆಗ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದು ಎರಡೇ ವರ್ಷ. ಮೂರು ಐಚ್ಛಿಕ ಹೋಗಿ ಎರಡೇ ಮೇಜರ್ ಉಳಿದಿದ್ದವು. ಸಿಲಬಸ್ ತೆಗೆದು ನೋಡಿದರೆ ಮೊದಲ ನಾಲ್ಕು ಸೆಮಿಸ್ಟರ್ ಫಿಸಿಕ್ಸ್: ಮೆಕ್ಯಾನಿಕ್ಸ್, ಎಲೆಕ್ಟ್ರಿಸಿಟಿ ಮತ್ತು ಮ್ಯಾಗ್ನೆಟಿಸಂ, ವೇವ್ಸ್ ಮತ್ತು ಆಪ್ಟಿಕ್ಸ್, ಥರ್ಮಲ್ ಮತ್ತು ಎಲೆಕ್ಟ್ರಾನಿಕ್ಸ್. ನೀಟ್‌ನ ಫಿಸಿಕ್ಸ್ ಹೆಚ್ಚುಕಮ್ಮಿ ಇಷ್ಟೇ ತಾನೆ! ನನ್ನಿಂದ ಒಂಟಿಯಾಗಿ ಆಗದ್ದನ್ನು ಕಾಲೇಜಿಗೆ ಬಿಟ್ಟೆ, ಆಗುವುದನ್ನು ಮನೆಗೆ ಇಟ್ಟುಕೊಂಡೆ.

ಲೆಕ್ಕ ಚಂದಿತ್ತು, ಆದರೆ 2023ರಲ್ಲಿ 389ಕ್ಕೇ ನಿಂತೆ. ಎಡವಿದ್ದು ಎಲ್ಲಿ ಎಂದು ತಿಳಿಯಲು ಎರಡು ತಿಂಗಳಾಯಿತು. ಡಿಗ್ರಿಯಲ್ಲಿ ಹತ್ತು ಅಂಕದ ಡೆರಿವೇಶನ್ (ಸೂತ್ರವನ್ನು ಹಂತಹಂತವಾಗಿ ಸಾಧಿಸುವುದು) ಬರೆದು ಕೈ ಪಳಗಿತ್ತು, ನೀಟ್‌ನಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ. ಕ್ಲಾಸಿನಲ್ಲಿ ಅರ್ಥವಾದರೆ ಸಾಕು ಅಂದುಕೊಂಡಿದ್ದೆ. ಮೂರನೇ ಸೆಮಿಸ್ಟರ್‌ನಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡೆ: ಇವತ್ತು ಬೋರ್ಡ್ ಮೇಲೆ ಬಂದ ಡೆರಿವೇಶನ್ ಮೇಲಿನ ಹಳೆಯ ನೀಟ್ ಪ್ರಶ್ನೆ ಹದಿನೈದು, ಇವತ್ತೇ, ಊರಿಗೆ ಬಸ್ ಹತ್ತುವ ಮೊದಲು. ಬಿಡಿಸಲಾಗದ್ದನ್ನು ಲ್ಯಾಬ್‌ನಲ್ಲಿ ಸರ್ ಮುಂದೆ ಇಡುತ್ತಿದ್ದೆ. "ಇದು ನಮ್ಮ ಸಿಲಬಸ್‌ನಾಗ ಇಲ್ಲವ್ವ" ಅನ್ನುತ್ತಲೇ ಸೀಮೆಸುಣ್ಣ ಕೈಗೆತ್ತಿಕೊಳ್ಳುತ್ತಿದ್ದರು. ಅವರ ಋಣ ದೊಡ್ಡದು.

ಫಿಸಿಕ್ಸ್ ಕೆಮಿಸ್ಟ್ರಿಯಲ್ಲದೆ ಉಳಿದ ಹೊರೆಯೂ ಸಣ್ಣದಿರಲಿಲ್ಲ. ಎರಡು ಭಾಷೆ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಪರಿಸರ, ಸಂವಿಧಾನ, ಸೆಮಿಸ್ಟರ್‌ಗೆ ಸುಮಾರು 25 ಕ್ರೆಡಿಟ್. ಆಗ ಥಿಯರಿ ಪೇಪರ್‌ನಲ್ಲಿ 40 ಇಂಟರ್ನಲ್, 60 ಪರೀಕ್ಷೆ ಇತ್ತು. ಇಂಟರ್ನಲ್‌ನಲ್ಲಿ 36ಕ್ಕೆ ಕಡಿಮೆ ಎಂದೂ ತಗೊಳ್ಳಲಿಲ್ಲ, ಅಸೈನ್‌ಮೆಂಟ್ ಕೊಟ್ಟ ದಿನವೇ ಬರೆದುಬಿಡುತ್ತಿದ್ದೆ. ಅಷ್ಟಾದರೆ ಪರೀಕ್ಷೆಗೆ ಭಾಷೆ ಮತ್ತು ಎಲೆಕ್ಟಿವ್ ಎರಡೆರಡು ದಿನದ ಕೆಲಸ. ಯಾವ ಎಲೆಕ್ಟಿವ್ ಆರಿಸಿದೆ, ಯಾಕೆ ಆರಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಲ್ಯಾಬ್ ರೆಕಾರ್ಡ್ ಮಾತ್ರ ಗ್ರಾಫ್ ಸಮೇತ ಲ್ಯಾಬ್‌ನಲ್ಲೇ ಮುಗಿಸಿ ಸಹಿ ಹಾಕಿಸುತ್ತಿದ್ದೆ, ಮನೆಗೆ ಒಯ್ದವರು ಎರಡು ರಾತ್ರಿ ಕಳಕೊಂಡರು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಪಾಸಿನ ದುಡ್ಡು ಉಳಿಯಿತು, ಅದರಲ್ಲಿ ಹಳೆ ಪ್ರಶ್ನೆಪತ್ರಿಕೆಗಳ ಪುಸ್ತಕ ಕೊಂಡೆ. ಬಸ್ ಮಾತ್ರ ಕಿಕ್ಕಿರಿದು, ಪುಸ್ತಕ ಬಿಚ್ಚಲು ಜಾಗವಿಲ್ಲ. ಆಗ ಬಯಾಲಜಿ ಪಾಠಗಳನ್ನು ನನ್ನದೇ ದನಿಯಲ್ಲಿ, ನಮ್ಮ ಮನೆಮಾತಿನಲ್ಲೇ ಮೊಬೈಲ್‌ಗೆ ಹೇಳಿಟ್ಟೆ. ರಕ್ತಪರಿಚಲನೆ, ಮೂತ್ರಪಿಂಡ, ಹಾರ್ಮೋನ್, ಇವು ಕಥೆಯ ಹಾಗೆ ನಿಂತವು. ಸಸ್ಯಗಳ ವರ್ಗೀಕರಣ ಕೇಳಿದ್ದೆಲ್ಲ ಗಾಳಿಗೆ ಹೋಯಿತು. ಹೆಸರುಗಳನ್ನು ಕಣ್ಣಲ್ಲೇ ನೋಡಬೇಕು. ಅವನ್ನು ಚೀಟಿಗೆ ಬರೆದು ಅವ್ವ ರೊಟ್ಟಿ ಬಡಿಯುವ ಜಾಗದ ಎದುರಿನ ಗೋಡೆಗೆ ಅಂಟಿಸಿದೆ. ತಂಗಿಗೆ ನನಗಿಂತ ಮೊದಲು ಬಾಯಿಪಾಠ ಬಂತು!

ಇನ್ನೊಂದು ಪ್ರಯೋಗ ಕೆಟ್ಟಿತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವಳು ಎಂದು 2023ರಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಆರಿಸಿದ್ದೆ. ಪಕ್ಕದಲ್ಲಿ ಇಂಗ್ಲಿಷೂ ಇರುತ್ತದೆ, ಆದರೆ ಎರಡನ್ನೂ ಓದಿ ಹೋಲಿಸುತ್ತ ಕೂತು ಕೊನೆಗೆ ಹತ್ತು ಹನ್ನೆರಡು ಪ್ರಶ್ನೆ ಮುಟ್ಟಲೇ ಇಲ್ಲ. ಮುಂದಿನ ವರ್ಷ ಇಂಗ್ಲಿಷಿಗೆ ಮರಳಿದೆ. ಇದರಿಂದ ಕನ್ನಡ ಮಾಧ್ಯಮದ ಮೀಸಲಾತಿ ತಪ್ಪುತ್ತದೆ ಎಂದು ಹಲವರು ಹೆದರುತ್ತಾರೆ. ಅದು ಒಂದರಿಂದ ಹತ್ತರವರೆಗೆ ಶಾಲೆಯಲ್ಲಿ ಓದಿದ್ದಕ್ಕೆ ಸಿಗುವುದು, ನೀಟ್ ಯಾವ ಭಾಷೆಯಲ್ಲಿ ಬರೆದಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

2024ರಲ್ಲಿ 498 ಬಂತು. ಮನೆಯಲ್ಲಿ ಸಿಹಿ ಹಂಚಿದ್ದೂ ಆಯಿತು. ರ‍್ಯಾಂಕ್ ನೋಡಿದರೆ ಎರಡು ಲಕ್ಷದ ಆಚೆ. ಮೊದಲ ಫಲಿತಾಂಶದಲ್ಲಿ 67 ಜನಕ್ಕೆ 720ಕ್ಕೆ 720 ಬಂದ ವರ್ಷ ಅದು. ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಯಿತು. ಅದರ ಬೆನ್ನಿಗೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಆ ವಾರ ಅಪ್ಪ ಸರಿಯಾಗಿ ಉಣ್ಣಲಿಲ್ಲ. ಟೆಸ್ಟ್ ಸೀರೀಸ್‌ಗೆ 12 ಸಾವಿರ ಕೇಳಬೇಕೆಂದಿದ್ದವಳು ಬಾಯಿ ಮುಚ್ಚಿಕೊಂಡೆ. ತಾತ್ಕಾಲಿಕ ಗೇಟು ಕೂತು ಮಳೆ ಬಂದು ಡ್ಯಾಮು ಮತ್ತೆ ತುಂಬಿತು, ಆದರೂ ನಾನು ಕೇಳಲಿಲ್ಲ. ಐದು, ಆರನೇ ಸೆಮಿಸ್ಟರ್ ಫಿಸಿಕ್ಸ್ ನೀಟ್‌ಗೆ ಅಷ್ಟು ಹೊಂದುವುದಿಲ್ಲ, ನ್ಯೂಕ್ಲಿಯರ್ ಒಂದೇ ಉಪಯೋಗಕ್ಕೆ ಬಂತು. ಹಾಗಾಗಿ ಹಳೆಯ ನಾಲ್ಕು ಸೆಮಿಸ್ಟರ್ ನೋಟ್ಸ್ ಹಿಡಿದು, ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದು ಪೂರ್ತಿ ಪೇಪರ್ ಬಿಡಿಸಿದೆ. ಫ್ಯಾನ್ ಬಂದ್ ಮಾಡಿ ಕೂರುತ್ತಿದ್ದೆ, ಮೇ ತಿಂಗಳ ಬಳ್ಳಾರಿ ಸೆಂಟರ್ ಹೇಗಿರುತ್ತದೆ ಎಂದು ಅಷ್ಟರಲ್ಲಿ ಗೊತ್ತಾಗಿತ್ತು.

2025ರ ಮೇ 4. 180 ನಿಮಿಷಕ್ಕೆ 180 ಪ್ರಶ್ನೆ, ಹಿಂದಿನಂತೆ ಆಯ್ಕೆಯೂ ಇಲ್ಲ, ಹೆಚ್ಚುವರಿ 20 ನಿಮಿಷವೂ ಇಲ್ಲ. ಫಿಸಿಕ್ಸ್ ತೆರೆದಾಗ ಪಕ್ಕದ ಹುಡುಗಿ ಅಳುತ್ತಿದ್ದಳು. ಉದ್ದುದ್ದ ಲೆಕ್ಕ, ಫಾರ್ಮುಲಾ ಹಾಕಿದರೆ ಬೀಳುವಂಥವಲ್ಲ. ಆದರೆ ಬುಡದಿಂದ ಡಿರೈವ್ ಮಾಡಿ ಮಾಡಿ ನನಗೆ ಆ ದಾರಿ ಗೊತ್ತಿತ್ತು. 29 ಸರಿ, 12 ತಪ್ಪು, ನಾಲ್ಕು ಮುಟ್ಟಲಿಲ್ಲ: 104. ನಮ್ಮ ಬ್ಯಾಚಿನಲ್ಲಿ ಬಾಟನಿ, ಜುವಾಲಜಿ ತಗೊಂಡವರು ನಲವತ್ತರ ಆಚೀಚೆ ನಿಂತರು. ಒಟ್ಟು 487, ಹಿಂದಿನ ವರ್ಷಕ್ಕಿಂತ 11 ಕಡಿಮೆ. ರ‍್ಯಾಂಕ್ ಮಾತ್ರ 60 ಸಾವಿರದ ಆಸುಪಾಸು! ಮಾವ ಮೂರು ಸಲ ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡರು. ಕೊನೆಯ ಇಪ್ಪತ್ತು ದಿನ ಬಯಾಲಜಿ ಹೇಗೆ ತಿರುವಿದೆ ಎಂಬುದನ್ನು ಈಗ ಹೇಳುವುದಿಲ್ಲ, ತಂಗಿಯೂ ನೀಟ್ ಬರೆಯಲಿದ್ದಾಳೆ.

ಕಾಗದಪತ್ರದ ಬಗ್ಗೆ ಉದಾಸೀನ ಬೇಡ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದವು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೊಂದಿಗೆ, ಎಲ್ಲ ಫಲಿತಾಂಶಕ್ಕೆ ಮೊದಲೇ ಕೈಯಲ್ಲಿರಲಿ. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು 371ಜೆ ಅಡಿ ನಮ್ಮವರಿಗೇ, ಆ ಒಂದು ಕಾಗದ ಇಲ್ಲದೆ ರ‍್ಯಾಂಕ್ ಇದ್ದೂ ಕೈತಪ್ಪಿದವರನ್ನು ಕಂಡಿದ್ದೇನೆ. ಇನ್ನೊಂದು, ಪಿಯು ಒರಿಜಿನಲ್ ಅಂಕಪಟ್ಟಿ ಡಿಗ್ರಿ ಕಾಲೇಜಿನ ಬೀರುವಿನಲ್ಲಿ ಇರುತ್ತದೆ. ನನಗೆ ಸೀಟು ಬಂದಾಗ ಬೀರುವಿನ ಕೀಲಿ ಇದ್ದ ಕ್ಲರ್ಕ್ ರಜೆಯ ಮೇಲಿದ್ದರು. ಎರಡು ದಿನ ಅಪ್ಪ ಕಾಲೇಜಿನ ಕಟ್ಟೆಯ ಮೇಲೆ ಕೂತು, ಮೂರನೇ ದಿನ ಬೆಳಿಗ್ಗೆ ಅದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಕೊಪ್ಪಳಕ್ಕೆ ತಂದರು.